ಲೈಲ್‌ನ ನೀರು ಮಾತಾಡಿದ್ದು

ನಮ್ಮ ಲ್ಯಾಬಿನಲ್ಲಿ ಯಾವ ಪರೀಕ್ಷೆ ನಡೆದರೂ ಕೊನೆಯ ಟ್ಯೂಬಿನಲ್ಲಿ ಬರೀ ನೀರು ಇಡುತ್ತೇವೆ. ಏನೂ ಮಾಡದಿರುವುದೇ ಆ ನೀರಿನ ಉದ್ಯೋಗ. ಉಳಿದ ಟ್ಯೂಬುಗಳಲ್ಲಿ ನಾವು ಹುಡುಕುವ ಡಿಎನ್‌ಎ ಚೂರು ಇದ್ದರೆ ಪಿಸಿಆರ್ ಯಂತ್ರ ಅದನ್ನು ಕೋಟಿಗಟ್ಟಲೆ ಪ್ರತಿ ಮಾಡುತ್ತದೆ. ಆಮೇಲೆ ಜೆಲ್ಲಿಯಂಥ ಒಂದು ತೆಳು ಹಲಗೆಯಲ್ಲಿ ಅದನ್ನು ಹರಿಸಿ ನೀಲಿ ಬೆಳಕು ಹಾಯಿಸಿದರೆ ಹೊಳೆಯುವ ಗೆರೆಯಾಗಿ ಕಾಣುತ್ತದೆ. ನೀರಿನ ಸಾಲು ಮಾತ್ರ ಕತ್ತಲಾಗಿರಬೇಕು. ನೀರು ಬಾಯಿ ಬಿಟ್ಟಿತೆಂದರೆ ಉಳಿದವರು ಹೇಳಿದ್ದನ್ನೂ ನಂಬುವಂತಿಲ್ಲ. ಎಲ್ಲೋ ಏನೋ ಬೆರೆತಿದೆ ಎಂದರ್ಥ.

ಆ ಮಾರ್ಚ್ ತಿಂಗಳಲ್ಲಿ ಲೈಲ್ ಥೋರ್ಸನ್ನನ ನೀರು ಮಾತಾಡಿತು. ಒಂದು ಸಲವಲ್ಲ, ಇಪ್ಪತ್ಮೂರು ಸಲ. ನಾನು ಆ ಲ್ಯಾಬಿನ ಮ್ಯಾನೇಜರು. ಸಾಮಾನು ತರಿಸುವುದು, ಸಭೆಯ ಟಿಪ್ಪಣಿ ಬರೆಯುವುದು, ಯಾವ ಫ್ರೀಜರಿನ ಬಾಗಿಲು ಸರಿಯಾಗಿ ಮುಚ್ಚಿಲ್ಲವೆಂದು ನೋಡುತ್ತಿರುವುದು ನನ್ನ ಕೆಲಸ. ಹಾಗಾಗಿ ಎಣಿಸಿದವಳೂ ನಾನೇ.

ಲೈಲ್ ನಮ್ಮ ಹಿರಿಯ ತಂತ್ರಜ್ಞ. ಸರೋವರದ ದಡದ ಡುಲೂತ್ ಊರಿನ ಈ ವಿಶ್ವವಿದ್ಯಾಲಯಕ್ಕೆ ಬಂದು ಇಪ್ಪತ್ತೇಳು ವರ್ಷ. ಸರೋವರದ ಮೀನುಗಳ ವಂಶಾವಳಿ ಹುಡುಕುವುದು ನಮ್ಮ ಲ್ಯಾಬಿನ ಕೆಲಸ. ಮೀನುಗಳ ಎಷ್ಟೋ ತಲೆಮಾರು ಅವನ ಕೈಮೇಲೆ ಹಾದುಹೋಗಿದ್ದವು. ಒಳ್ಳೆಯ ಮನುಷ್ಯ. ಚಳಿಗಾಲದ ಬೆಳಿಗ್ಗೆ ತನ್ನದೆಂದುಕೊಂಡು ಇನ್ನೊಬ್ಬರ ಕಾರಿನ ಮೇಲಿನ ಹಿಮವನ್ನು ಅರ್ಧಗಂಟೆ ಕೆರೆದು, ಬೀಗ ತೆರೆಯದಿದ್ದಾಗ ಬೀಗವನ್ನು ಬೈಯುತ್ತಿದ್ದ. ನಮ್ಮ ಮಹಡಿಯವರು ತಮ್ಮ ಕಾರಿನ ಮೇಲೆ ಹಿಮ ಕಾಣದಿದ್ದರೆ ಲೈಲ್‌ಗೆ ಮನಸ್ಸಿನಲ್ಲೇ ಕೃತಜ್ಞತೆ ಹೇಳಿ ಹತ್ತಿ ಹೋಗುತ್ತಿದ್ದರು.

ಇಂಥವನಿಗೂ ಒಂದು ಹೆಮ್ಮೆ ಇತ್ತು. ಪಿಸಿಆರ್ ನಡೆಯಲು ಒಂದು ಕಿಣ್ವ ಬೇಕು. ಅದನ್ನು ಎಲ್ಲರೂ ಕಂಪನಿಯಿಂದ ತರಿಸುತ್ತಾರೆ. ಒಂದು ಜನವರಿಯಲ್ಲಿ ಹಿಮಬಿರುಗಾಳಿಗೆ ಸಿಕ್ಕಿ ಕಂಪನಿಯ ಪೆಟ್ಟಿಗೆ ಹನ್ನೊಂದು ದಿನ ಬರಲಿಲ್ಲ. ಲೈಲ್ ತಾನೇ ತಯಾರಿಸಿದ. ಇ. ಕೋಲಿ ಎಂಬ ಬ್ಯಾಕ್ಟೀರಿಯಾದ ಹೊಟ್ಟೆಯಲ್ಲಿ ಕಿಣ್ವವನ್ನು ಬೆಳೆಸಿ, ಬ್ಯಾಕ್ಟೀರಿಯಾವನ್ನು ಒಡೆದು, ಕಾಯಿಸಿ, ಸೋಸಿ ತೆಗೆದ. ಅದು ಕೆಲಸ ಮಾಡಿಬಿಟ್ಟಿತು. ಅಂದಿನಿಂದ ಕಂಪನಿಯ ಹೆಸರೆತ್ತಿದರೆ ಅವನ ಮುಖ ಹುಳ್ಳಗಾಗುತ್ತಿತ್ತು. ಪ್ರತಿ ಕ್ರಿಸ್‌ಮಸ್ಸಿಗೆ ಪುಟ್ಟ ಟ್ಯೂಬುಗಳಿಗೆ ಕೆಂಪು ರಿಬ್ಬನ್ ಕಟ್ಟಿ ಮೂರು ಮಹಡಿಗೆ ಹಂಚುತ್ತಿದ್ದ. ಮೇಲೆ ಅವನದೇ ಕೈಬರಹ: ‘ಥೋರ್ಸನ್, ಮನೆಯಲ್ಲೇ ಮಾಡಿದ್ದು’. ಬೇರೆಯವರು ಅಣ್ಣತಮ್ಮಂದಿರಿಗೆ ಬಿಸ್ಕತ್ತು ಕೊಡುವಂತೆ.

ಎರಡನೇ ಮಹಡಿಯ ಕೊನೆಯಲ್ಲಿ ಗಾಜಿನ ಸಾಮಾನು ತೊಳೆಯುವ ಕೋಣೆ. ಅದು ಐಲಾ ನಿಯೆಮಿಯ ಸಂಸ್ಥಾನ. ಅರವತ್ತೊಂದು ವರ್ಷ, ರಬ್ಬರ್ ಏಪ್ರನ್, ಬಿಸಿನೀರಿಗೆ ಕೆಂಪಾದ ಕೈ. ಅವಳು ತೊಳೆದ ಬಾಟಲಿಯನ್ನು ಬೆಳಕಿಗೆ ಹಿಡಿದರೆ ಬಾಟಲಿ ಇದೆಯೋ ಇಲ್ಲವೋ ಎಂದು ಅನುಮಾನ ಬರುತ್ತಿತ್ತು. ಮಧ್ಯಾಹ್ನ ಹನ್ನೆರಡಕ್ಕೆ ಅವಳೂ ಲೈಲೂ ಕಟ್ಟಡದ ಹಿಂದೆ, ಲಾರಿಯಿಂದ ಸಾಮಾನು ಇಳಿಸುವ ಕಟ್ಟೆಯ ಮೇಲೆ ಎರಡು ಹಾಲಿನ ಕ್ರೇಟು ಬೋರಲು ಹಾಕಿ ಕೂತು ಊಟ ಮಾಡುತ್ತಿದ್ದರು. ಹತ್ತೊಂಬತ್ತು ವರ್ಷ. ಅವನು ಮೀನಿನ ಸ್ಯಾಂಡ್‌ವಿಚ್, ಅವಳು ರೈ ಬ್ರೆಡ್ಡು. ಮಾತು ಬಹಳ ಕಡಿಮೆ. ಇಬ್ಬರಲ್ಲಿ ಯಾರಿಗಾದರೂ ಬೇರೇನಾದರೂ ಮನಸ್ಸಿನಲ್ಲಿತ್ತೇ ಎಂದು ಮೂರು ಮಹಡಿಯವರೂ ಊಹಿಸುತ್ತಿದ್ದರು. ಅವರಿಬ್ಬರಿಗೆ ಮಾತ್ರ ಊಹಿಸಲು ಪುರುಸೊತ್ತಿದ್ದಂತೆ ಕಾಣಲಿಲ್ಲ.

ಫೆಬ್ರವರಿಯಲ್ಲಿ ಕಾಲೇಜಿನ ಸುದ್ದಿಪತ್ರ ಲೈಲ್‌ನ ಚಿತ್ರ ಹಾಕಿ ‘ಇಪ್ಪತ್ತೇಳು ವರ್ಷ, ಒಂದೂ ಕಲಬೆರಕೆ ಇಲ್ಲ’ ಎಂದು ಬರೆಯಿತು. ಹಾಗೆಂದು ಅವರಿಗೆ ಹೇಳಿದವನು ಲೈಲೇ. ಅದಾದ ನಾಲ್ಕನೇ ದಿನ ಬ್ಯಾಕ್ಟೀರಿಯಾ ಬೆಳೆಸಲೆಂದು ಮಾಡಿಟ್ಟಿದ್ದ ಸಾರಿನ ಒಂದು ಬಾಟಲಿ, ಯಾರೂ ಏನೂ ಹಾಕದೆಯೇ, ತಾನೇ ಕದಡಿಕೊಂಡು ಕೂತಿತ್ತು; ಒಳಗೆ ಏನೋ ಸೇರಿ ಬೆಳೆದಿತ್ತು.

ನಮ್ಮ ಪ್ರೊಫೆಸರ್ ಡಾ. ಕೆಸ್ಲರ್ ಅದನ್ನು ಒಮ್ಮೆ ಅಲ್ಲಾಡಿಸಿ ನೋಡಿ, “ಎಲ್ಲಿಂದ ಬಂತು ನೋಡಪ್ಪ, ಲೈಲ್. ಸಣ್ಣ ವಿಷಯ. ಶುಕ್ರವಾರದೊಳಗೆ ಹೇಳಿದ್ರೆ ಸಾಕು,” ಎಂದರು.

ಯಾರ ಹೆಸರು ಸುದ್ದಿಪತ್ರದಲ್ಲಿ ಬಂದಿದೆಯೋ ಅವನಿಗೆ ಯಾವ ವಿಷಯವೂ ಸಣ್ಣದಲ್ಲ. ಲೈಲ್ ಹೊಸ ಪರೀಕ್ಷೆಯನ್ನೇ ಹೂಡಿದ. ಹತ್ತಿ ಕಡ್ಡಿಯಿಂದ ಏನನ್ನಾದರೂ ಒರೆಸಿ, ಪಿಸಿಆರ್‌ಗೆ ಹಾಕಿದರೆ ಅಲ್ಲಿ ಇ. ಕೋಲಿ ಇದೆಯೇ ಎಂದು ತಿಳಿಯಬೇಕು. ಮೀನು ಬಿಟ್ಟು ಬ್ಯಾಕ್ಟೀರಿಯಾ ಹುಡುಕಿದ್ದು ಅವನ ಇಪ್ಪತ್ತೇಳು ವರ್ಷದಲ್ಲಿ ಅದೇ ಮೊದಲು. ಮಂಗಳವಾರ ಬೆಳಿಗ್ಗೆ ನನ್ನ ಬಾಗಿಲಲ್ಲಿ ಬಂದು ನಿಂತ.

“ಜೂಡಿ, ನೀರು ಹೊಳೀತಾ ಇದೆ.”

“ಬೇರೆ ನೀರು ಹಾಕಿ ನೋಡು.”

“ಹಾಕ್ದೆ. ಅದೂ ಹೊಳೀತಾ ಇದೆ.”

“ಮೂರನೇ ಮಹಡಿಯಿಂದ ತರ್ಸು.”

“ನೆನ್ನೇನೇ ತರ್ಸಿದ್ದೆ.” ಅವನು ದನಿ ತಗ್ಗಿಸಿದ. “ಮೂರನೇ ಮಹಡಿನೂ ಹೋಯ್ತು.”

ಅಲ್ಲಿಂದ ಮುಂದಕ್ಕೆ ಯಾವುದೂ ಉಳಿಯಲಿಲ್ಲ. ಸಿಂಕು, ಸೋಪು, ಬಾಗಿಲ ಹಿಡಿ, ಲಿಫ್ಟಿನ ಗುಂಡಿ, ಕೆಸ್ಲರರ ಪೆನ್ನು, ನನ್ನ ಸ್ವೆಟರಿನ ತೋಳು, ಕಂಪನಿಯಿಂದ ಅದೇ ತಾನೇ ಬಂದ ಸೀಲು ಒಡೆಯದ ಬಾಟಲಿ. ಎಲ್ಲದರಲ್ಲೂ ಒಂದೊಂದು ಗೆರೆ, ಜಡೆ ಹಾಕಿ ಸಾಲಾಗಿ ನಿಂತ ಶಾಲೆಯ ಹುಡುಗಿಯರಂತೆ, ಒಂದೇ ಎತ್ತರ, ಒಂದೇ ಹೊಳಪು. ನಾನು ಆ ಹಲಗೆಯನ್ನು ತುಂಬ ಹೊತ್ತು ನೋಡಿದೆ.

“ಲೈಲ್, ಬಾಗಿಲ ಹಿಡಿನೂ ಶುದ್ಧ ನೀರೂ ಒಂದೇ ಥರ ಹೊಳೀತಾ ಇದಾವಲ್ಲ?”

“ಅದೇ ನೋಡು!” ಅವನ ಕಣ್ಣು ಅರಳಿತು. “ಎಷ್ಟು ಸಮವಾಗಿ ಹರಡಿದೆ ನೋಡಿದ್ಯಾ!”

ಆಗ ನಾನು ಇನ್ನೊಂದು ಮಾತು ಹೇಳಬೇಕಿತ್ತು. ಆದರೆ ಹಿಂದಿನ ಶರತ್ಕಾಲದಲ್ಲಿ ದೊಡ್ಡ ಫ್ರೀಜರು ಕೆಟ್ಟಿದೆಯೆಂದು ನಾನು ಕೂಗಿ, ಮೂರು ಮಹಡಿಯ ಜನ ಮಂಜುಗಡ್ಡೆ ಹೊತ್ತು ಓಡಿಬಂದು, ಕಡೆಗೆ ನೋಡಿದರೆ ಅದರ ಪ್ಲಗ್ಗಿನ ಪಕ್ಕದ ಒಂದು ದೀಪ ಸುಟ್ಟಿತ್ತು ಅಷ್ಟೆ. ಅಂದಿನಿಂದ ನಾನು ಖಚಿತವಾಗದೆ ಏನನ್ನೂ ಹೇಳಬಾರದೆಂದು ನಿಶ್ಚಯಿಸಿದ್ದೆ. ‘ಗೆರೆಗಳು ಸಮನಾಗಿವೆ’ ಎಂದು ನನ್ನ ಪುಸ್ತಕದಲ್ಲಿ ಬರೆದು, ಕೆಳಗೆ ಅಡಿಗೆರೆ ಎಳೆದು, ಪುಸ್ತಕ ಮುಚ್ಚಿದೆ.

ಗುರುವಾರ ವಿಶ್ವವಿದ್ಯಾಲಯದ ಸುರಕ್ಷತಾ ಅಧಿಕಾರಿ ಡ್ವೇನ್ ಪುಕೆಟ್ ಬಂದರು. ಹನ್ನೊಂದು ವರ್ಷದ ಸೇವೆಯಲ್ಲಿ ಅವರ ಕೈಗೆ ಸಿಕ್ಕಿದ್ದ ಅತಿ ದೊಡ್ಡ ಪ್ರಕರಣ ಒಂದು ಮುರಿದ ಏಣಿ. ಈಗ ಬಿಳಿಯ ರಕ್ಷಣಾ ಉಡುಪು ತೊಟ್ಟು, ಮುಖವಾಡ ಹಾಕಿ, ಹಳದಿ ಪಟ್ಟಿಯ ಸುರುಳಿ ಹಿಡಿದು ಬಂದಿದ್ದರು. ಕಾಫಿ ಯಂತ್ರಕ್ಕೆ ಮೊದಲು ಪಟ್ಟಿ ಸುತ್ತಿದರು. ಲೈಲ್ ಅವರ ಕೊರಳಲ್ಲಿದ್ದ ಗುರುತಿನ ಬಿಲ್ಲೆಯನ್ನೂ ಕಡ್ಡಿಯಿಂದ ಒರೆಸಿಕೊಂಡ. ಮೂರು ಗಂಟೆಯ ನಂತರ ಫಲಿತಾಂಶ ಬಂತು.

“ನನ್ನ ಮೇಲೂ ಇದ್ಯಾ?” ಡ್ವೇನ್ ಕೇಳಿದರು.

“ಇದೆ.”

“ಎಷ್ಟಿದೆ?”

“ನೀರಲ್ಲಿ ಇರೋಷ್ಟು.”

“ನೀರಲ್ಲಿ ಇರೋದು ಕಮ್ಮಿನಾ ಜಾಸ್ತಿನಾ?”

“ಅದೇ ಸ್ವಾಮಿ, ಗೊತ್ತಾಗ್ತಿಲ್ಲ,” ಎಂದ ಲೈಲ್.

ಡ್ವೇನ್ ತಮ್ಮ ಫಾರಮ್ಮಿನಲ್ಲಿ ‘ಗಂಭೀರ’ ಎಂಬ ಚೌಕಕ್ಕೆ ಗುರುತು ಹಾಕಿದರು. ಆ ಚೌಕವನ್ನು ಅವರು ಇಷ್ಟು ವರ್ಷ ಬರೀ ನೋಡುತ್ತ ಬಂದಿದ್ದರೆಂದು ಅದೇ ಗುರುತಿನ ಮೇಲೆ ಇನ್ನೊಮ್ಮೆ ಪೆನ್ನು ಆಡಿಸಿದ್ದರಿಂದಲೇ ತಿಳಿಯಿತು.

ಇಷ್ಟರಲ್ಲಿ ನಿಂತಿದ್ದರೆ ಲ್ಯಾಬಿನ ಮಾತು ಲ್ಯಾಬಿನಲ್ಲೇ ಉಳಿಯುತ್ತಿತ್ತು. ಆದರೆ ಲೈಲ್ ಕಡ್ಡಿಗಳನ್ನು ಜೇಬಿನಲ್ಲಿಟ್ಟುಕೊಂಡು ಮನೆಗೆ ಹೋದ. ಅವನು ಇದ್ದದ್ದು ಅಕ್ಕ ಮಾರ್ಲಿಸಳ ಮನೆಯ ಕೆಳಗಿನ ಕೋಣೆಯಲ್ಲಿ. ಲೆಂಟ್ ಎಂಬ ವ್ರತದ ದಿನಗಳ ಬುಧವಾರಗಳಲ್ಲಿ ನಮ್ಮ ಚರ್ಚಿನ ನೆಲಮಾಳಿಗೆಯಲ್ಲಿ ಎಲ್ಲರಿಗೂ ಊಟ. ಮಾರ್ಲಿಸ್ ಕಾಡಕ್ಕಿಯನ್ನು ಓವನ್ನಿನಲ್ಲಿ ಬೇಯಿಸಿ ಮಾಡುವ ಹಾಟ್‌ಡಿಶ್ ತರುತ್ತಾಳೆಂದರೆ ಅರ್ಧ ಗಂಟೆ ಮೊದಲೇ ಸಾಲು ಶುರುವಾಗುತ್ತಿತ್ತು. ಆ ಬುಧವಾರ ನಾನೂ ಸಾಲಿನಲ್ಲಿದ್ದೆ. ಲೈಲ್ ಮೆಟ್ಟಿಲು ಇಳಿದು ಬಂದ, ಕೋಟು ಸಹ ತೆಗೆಯದೆ.

“ಮಾರ್ಲಿಸ್, ಸೌಟು ಕೆಳಗಿಡು.”

“ಯಾಕೋ?”

“ಬೆಳಿಗ್ಗೆ ಅದರಿಂದ ಒಂದು ಚಿಟಿಕೆ ತಗೊಂಡು ಹೋಗಿದ್ದೆ. ಅದರಲ್ಲಿ ಇ. ಕೋಲಿ ಇದೆ.”

ಪಾದ್ರಿಗಳ ಬಾಯಲ್ಲಿ ಚಮಚ ಹಾಗೇ ಇತ್ತು. ಅವರು ಒಂದು ಕ್ಷಣ ಯೋಚಿಸಿ, ದೇವರ ಮೇಲೆ ಭಾರ ಹಾಕಿ ನುಂಗಿದರು.

“ಎಲ್ಲಿಂದ ಬರುತ್ತೋ ಮುಂಡೇದೆ!” ಮಾರ್ಲಿಸಳ ದನಿ ಮೇಲಿನ ಆರ್ಗನ್ನಿಗೆ ಮುಟ್ಟಿರಬೇಕು. “ಒಂದು ಗಂಟೆ ಓವನ್ನಲ್ಲಿ ಬೆಂದಿದೆ ಇದು!”

“ಪರೀಕ್ಷೆ ಹೇಳ್ತಾ ಇದೆ, ಅಕ್ಕಾ.”

“ನಿನ್ನ ಪರೀಕ್ಷೆ ತಗೊಂಡೋಗಿ ಸರೋವರಕ್ಕೆ ಹಾಕು! ಅಮ್ಮ ಮಾಡ್ತಿದ್ದ ಹಾಟ್‌ಡಿಶ್ ಕಣೋ ಇದು. ಇದನ್ನೇ ತಿಂದು ನೀನು ಆರಡಿ ಬೆಳ್ದಿದ್ದು. ಬುದ್ಧಿ ಬೆಳೀಲಿಲ್ಲ, ಅದಕ್ಕೆ ನಾನೇನು ಮಾಡ್ಲಿ!”

ನಮ್ಮ ಕಡೆಯವರು ಇಂಥ ಹೊತ್ತಿನಲ್ಲಿ ಜಗಳಕ್ಕೆ ನಿಲ್ಲುವುದಿಲ್ಲ. “ಇವತ್ತು ಅಷ್ಟೇನೂ ಹಸಿವಿಲ್ಲಪ್ಪ” ಎಂದು ಒಬ್ಬೊಬ್ಬರೇ ತಟ್ಟೆ ಕೆಳಗಿಟ್ಟು ಜೆಲ್ಲಿ ಸಾಲಡ್ಡಿನ ಕಡೆ ಸರಿದರು. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಮಾರ್ಲಿಸ್ ತುಂಬಿದ ಪಾತ್ರೆ ಮನೆಗೆ ಹೊತ್ತುಕೊಂಡು ಹೋದಳು. ಲೈಲ್‌ಗೆ ಆಮೇಲೆ ಎರಡು ವಾರ ಅದೇ ಊಟ.

ಪಾತ್ರೆ ಖಾಲಿಯಾಗುವ ಹೊತ್ತಿಗೆ ಅವನು ಒಂದು ನಕ್ಷೆ ಬರೆದಿದ್ದ. ಎರಡು ಗಜದ ಕಾಗದ, ಕೆಂಪು ಶಾಯಿ. ಎಲ್ಲವನ್ನೂ ಮುಟ್ಟುವ ಒಂದು ವಸ್ತು ಯಾವುದು ಎಂಬುದು ಅವನ ಪ್ರಶ್ನೆ. ಸಾರಿನ ಬಾಟಲಿ ಗಾಜು. ನೀರಿನ ಬಾಟಲಿ ಗಾಜು. ಗಾಜು ಹಿಡಿದ ಕೈ ಬಾಗಿಲು ಹಿಡಿಯುತ್ತದೆ, ಬಾಗಿಲು ಹಿಡಿದ ಕೈ ಡ್ವೇನರ ಬಿಲ್ಲೆ ಹಿಡಿಯುತ್ತದೆ. ಹಾಟ್‌ಡಿಶ್? ಅದಕ್ಕೂ ಉತ್ತರವಿತ್ತು. ಉಪ್ಪುಮೀನು ಹಾಕಿಡಲೆಂದು ಐಲಾ ಯಾವಾಗಲೋ ಕೊಟ್ಟಿದ್ದ ಒಂದು ಹಳೆಯ ಗಾಜಿನ ಜಾಡಿ ಮಾರ್ಲಿಸಳ ಅಡುಗೆಮನೆಯ ಕಿಟಕಿಯಲ್ಲಿತ್ತು. ಅಲ್ಲಿಂದಲೂ ಒಂದು ಕೆಂಪು ಗೆರೆ. ಎಲ್ಲ ಗೆರೆಗಳೂ ಹೋಗಿ ಕೂಡುವಲ್ಲಿ ಒಂದು ಚೌಕ. ಚೌಕದೊಳಗೆ ‘ಕೋಣೆ 214’.

“ಅದು ಐಲಾ ಕೋಣೆ,” ಎಂದೆ.

“ನಾನು ಐಲಾ ಅಂತ ಬರ್ದಿಲ್ವಲ್ಲ,” ಎಂದ ಲೈಲ್, ನಿಜವಾಗಿಯೂ ಆಶ್ಚರ್ಯಪಟ್ಟು. “ಕೋಣೆ ಅಂತ ಬರ್ದಿದೀನಿ.”

ಅಧಿಕಾರಿಗಳು ಕೋಣೆಯನ್ನು ಸಭೆಗೆ ಕರೆಯುವುದಿಲ್ಲ. ಡ್ವೇನ್ ಐಲಾಳನ್ನು ಕರೆದರು.

ಸಭೆಯ ಹಿಂದಿನ ದಿನ ನಾನು ಅವಳ ಕೋಣೆಗೆ ಹೋಗಿದ್ದೆ. ಅವಳು ಕಿಟಕಿಯ ಬೆಳಕಿಗೆ ಫ್ಲಾಸ್ಕು ಹಿಡಿದು ನೋಡುತ್ತಿದ್ದಳು. “ಜೂಡಿ, ನಂಗೆ ಇನ್ನೆರಡು ವರ್ಷ ಇದೆ. ಇದೇ ಕೋಣೆ ಬೀಗ ಹಾಕಿ, ಬೀಗದ ಕೈ ಕೊಟ್ಟು ನಿವೃತ್ತಿ ಆಗ್ಬೇಕು ಅಂತ ನನ್ನಾಸೆ. ಅಷ್ಟು ಬಿಟ್ಟು ನಾನೇನೂ ಕೇಳಿಲ್ಲ. ನಾಳೆ ಏನು ಮಾಡ್ತಾರೆ?” ಎಂದಳು. “ಏನೂ ಆಗಲ್ಲ, ಬರೀ ಮಾತುಕತೆ,” ಎಂದೆ. ಅದು ನನಗೆ ಖಚಿತವಿರಲಿಲ್ಲ. ಖಚಿತವಿಲ್ಲದ ಮಾತನ್ನು ಹೇಳಬಾರದಾದಾಗ ಹೇಳಿದೆ, ಹೇಳಬೇಕಾದಾಗ ಬಿಟ್ಟೆ.

ಸಭೆಯಲ್ಲಿ ಕೆಸ್ಲರ್, ಡ್ವೇನ್, ಲೈಲ್, ಐಲಾ. ಮೂಲೆಯಲ್ಲಿ ಟಿಪ್ಪಣಿ ಬರೆಯಲು ನಾನು. ಐಲಾ ಏಪ್ರನ್ನಿನಲ್ಲೇ ಬಂದಿದ್ದಳು.

“ಐಲಾ ಅವರೇ, ಇಲ್ಲಿ ಯಾರ ಮೇಲೂ ಆರೋಪ ಇಲ್ಲ,” ಡ್ವೇನ್ ಆರಂಭಿಸಿದರು.

“ಹಾಗಾದ್ರೆ ನನ್ನೊಬ್ಬಳನ್ನೇ ಯಾಕೆ ಕರ್ಸಿದ್ದು?”

“ನಕ್ಷೆಯಲ್ಲಿ…”

“ನಕ್ಷೆ ನೋಡ್ದೆ. ನಾನು ತೊಳ್ದ ಮೇಲೆ ಎಲ್ಲಾ ಸಾಮಾನೂ ಆಟೋಕ್ಲೇವಿಗೆ ಹೋಗುತ್ತೆ. ಅಷ್ಟು ಬಿಸಿ ಹಬೇಲಿ ಏನು ಬದುಕುತ್ತೆ?” ಅವಳು ಮೇಜಿನ ಮೇಲಿದ್ದ ಲೋಟವೊಂದನ್ನು ಎತ್ತಿದಳು. “ನಲವತ್ತು ವರ್ಷ ಪಾತ್ರೆ ತೊಳ್ದಿದೀನಿ ಸ್ವಾಮಿ. ಒಂದು ಲೋಟದಲ್ಲಿ ಕಲೆ ಇದ್ರೆ ಆ ಲೋಟ ಕೊಳಕು. ಎಲ್ಲಾ ಲೋಟದಲ್ಲೂ ಒಂದೇ ಕಲೆ ಇದ್ರೆ ಲೋಟ ಕೊಳಕಲ್ಲ, ಒರೆಸೋ ಬಟ್ಟೆ ಕೊಳಕು. ನಿಮ್ಮ ಒರೆಸೋ ಬಟ್ಟೆ ಯಾವ್ದು, ಅದನ್ನ ನೋಡಿ ಮೊದ್ಲು.”

ಡ್ವೇನ್, “ಅದು ಅಡುಗೆಮನೆ ವಿಷಯ ಆಯ್ತು, ನಾವು ವಿಜ್ಞಾನದ ಕಡೆ ಬರೋಣ,” ಎಂದರು. ಕೆಸ್ಲರ್ ಗಡಿಯಾರ ನೋಡಿಕೊಂಡರು. ನನ್ನ ಪೆನ್ನು ಕಾಗದದ ಮೇಲೆ ಇತ್ತು. ಸಭೆಯ ಟಿಪ್ಪಣಿ ಚೊಕ್ಕವಾಗಿರಬೇಕು, ಅಡ್ಡಮಾತು ಇರಬಾರದು ಎಂಬುದು ನನ್ನ ರೂಢಿ. ‘ಶ್ರೀಮತಿ ನಿಯೆಮಿ ತಮ್ಮ ಕಾರ್ಯವಿಧಾನ ವಿವರಿಸಿದರು’ ಎಂದಷ್ಟೇ ಬರೆದೆ.

ಐಲಾ ತಿರುಗಿದಳು. “ಲೈಲ್, ನೀನು ಹೇಳು.”

ಲೈಲ್ ತನ್ನ ನಕ್ಷೆಯ ಅಂಚನ್ನು ನೇರ ಮಾಡಿದ. “ನಾನಲ್ಲ ಐಲಾ. ನಕ್ಷೆ ಹೇಳ್ತಿರೋದು.”

ಕೋಣೆ 214ಕ್ಕೆ ಹಳದಿ ಪಟ್ಟಿ ಬಿತ್ತು. ಇನ್ನು ಮುಂದೆ ಗಾಜು ಬೇಡ, ಒಂದು ಸಲ ಬಳಸಿ ಎಸೆಯುವ ಪ್ಲಾಸ್ಟಿಕ್ಕೇ ಸಾಕೆಂದು ತೀರ್ಮಾನವಾಯಿತು. ಐಲಾಳನ್ನು ಸೋಮವಾರದಿಂದ ಹಾಸ್ಟೆಲಿನ ಊಟದ ಮನೆಗೆ ಹಾಕಿದರು. ಇ. ಕೋಲಿ ಹರಡುತ್ತಾಳೆಂದು ನೀವೇ ತೀರ್ಮಾನಿಸಿ, ಮತ್ತೆ ಅವಳನ್ನೇ ಊಟದ ಮನೆಗೆ ಹೇಗೆ ಹಾಕಿದಿರಿ ಎಂದು ಯಾರೂ ಕೇಳಲಿಲ್ಲ. ಕಚೇರಿಗಳಲ್ಲಿ ಪ್ರಶ್ನೆಗಳು ಒಂದು ವಿಭಾಗದಿಂದ ಇನ್ನೊಂದಕ್ಕೆ ಹೋಗುವಾಗ ದಾರಿಯಲ್ಲೇ ಸಾಯುತ್ತವೆ.

ಸೋಮವಾರ ಮಧ್ಯಾಹ್ನ ಲೈಲ್ ಕಟ್ಟೆಯಿಂದ ಒಳಗೆ ಬಂದ. ಸ್ಯಾಂಡ್‌ವಿಚ್ ಹಾಗೇ ಇತ್ತು.

“ಐಲಾ ಬರ್ಲಿಲ್ಲ.”

“ಅವಳು ಹಾಸ್ಟೆಲಿಗೆ ಹೋದ್ಲಲ್ಲ, ಲೈಲ್.”

“ಗೊತ್ತು. ಊಟಕ್ಕೂ ಬರಲ್ವಾ?”

ನಾನು ಅವನನ್ನೇ ನೋಡಿದೆ. ಅವನು ನಿಜವಾಗಿಯೂ ಯೋಚಿಸಿರಲಿಲ್ಲ.

ಪ್ಲಾಸ್ಟಿಕ್ ಬಾಟಲಿಗಳು ಬಂದವು. ಚೀಲ ಒಡೆದು, ಮುಟ್ಟದೆ, ಚಿಮುಟದಲ್ಲಿ ತೆಗೆದು ಪರೀಕ್ಷಿಸಿದ. ಹೊಳೆಯಿತು. ಜೊತೆಗಿದ್ದ ನೀರೂ ಹೊಳೆಯಿತು, ಇಪ್ಪತ್ಮೂರನೇ ಸಲ. “ಹಾಗಾದ್ರೆ ಕಾರ್ಖಾನೆಯಲ್ಲೇ…” ಎಂದು ಲೈಲ್ ಇನ್ನೊಂದು ದೊಡ್ಡ ಕಾಗದ ಹುಡುಕಲು ಹೊರಟ. ಮರುದಿನ ನಾನು ಐಲಾ ಹೇಳಿದ ಒರೆಸೋ ಬಟ್ಟೆಯ ಮಾತು ನೆನೆದು ನಾಲ್ಕನೇ ಮಹಡಿಗೆ ಹೋಗಿ, ಕಂಪನಿಯಿಂದ ತರಿಸಿದ ಶುದ್ಧ ಕಿಣ್ವ ಒಂದು ಹನಿ ಬೇಡಿ ತಂದೆ. ಎರಡು ಟ್ಯೂಬು, ಎರಡರಲ್ಲೂ ಒಂದೇ ನೀರು. ಒಂದಕ್ಕೆ ಕಂಪನಿಯ ಕಿಣ್ವ, ಇನ್ನೊಂದಕ್ಕೆ ಲೈಲ್‌ನದು. ಕಂಪನಿಯದು ಕತ್ತಲಾಗಿ ಉಳಿಯಿತು. ಲೈಲ್‌ನದು ಕ್ರಿಸ್‌ಮಸ್ ದೀಪದಂತೆ ಹೊಳೆಯಿತು.

ಅವನನ್ನು ಕರೆದು ತೋರಿಸಿದೆ.

“ಇದರಲ್ಲಿ ಗೆರೆ ಬಂದಿಲ್ಲ. ಯಂತ್ರ ಕೆಟ್ಟಿದೆ,” ಎಂದ.

ನಾನು ಕಿಣ್ವದ ಎರಡು ಟ್ಯೂಬುಗಳನ್ನೂ ಅವನ ಮುಂದಿಟ್ಟೆ. ಅವನು ಸ್ಟೂಲಿನ ಮೇಲೆ ಕೂತ.

“ನಾನು ಅದನ್ನ ಇ. ಕೋಲಿ ಒಳಗೇ ಬೆಳೆಸೋದು,” ಎಂದ, ತನ್ನ ಟ್ಯೂಬನ್ನು ಎತ್ತಿಕೊಂಡು.

“ಹೌದು.”

“ಎಷ್ಟು ಸೋಸಿದ್ರೂ ಅದರ ಡಿಎನ್‌ಎ ಚೂರುಪಾರು ಉಳ್ಕೊಳ್ಳುತ್ತೆ.”

“ಹೌದು, ಲೈಲ್.”

“ಮೀನು ಹುಡುಕುವಾಗ ಕಾಣ್ಸಲ್ಲ.”

“ಇಲ್ಲ.”

ಕಳ್ಳನ ಕೈಗೇ ದೀವಟಿಗೆ ಕೊಟ್ಟು ಊರೆಲ್ಲ ಹುಡುಕಿಸಿದಂತಾಗಿತ್ತು. ಅವನು ಹೋದ ಮನೆಯಲ್ಲೆಲ್ಲ ಕಳ್ಳ ಸಿಕ್ಕಿದ್ದ. ಲೈಲ್ ಪರೀಕ್ಷೆಯನ್ನು ಇನ್ನೂ ನಾಲ್ಕು ಸಲ ಮಾಡಿದ. ಆಮೇಲೆ ಇಡೀ ಕಟ್ಟಡಕ್ಕೆ ಒಂದು ಪತ್ರ ಬರೆದ: ತಪ್ಪು ತನ್ನ ಕಿಣ್ವದ್ದು, ರಿಬ್ಬನ್ ಕಟ್ಟಿದ ಟ್ಯೂಬುಗಳನ್ನು ದಯವಿಟ್ಟು ವಾಪಸ್ಸು ಕೊಡಬೇಕು. ಮೂರು ಮಹಡಿಯವರೂ ತಂದು ಅವನ ಮೇಜಿನ ಮೇಲಿಟ್ಟರು. ಕೆಲವರು ರಿಬ್ಬನ್ನೂ ಬಿಚ್ಚಿರಲಿಲ್ಲ. ಇಷ್ಟು ವರ್ಷ ಒಳಗಿಂದೊಳಗೇ ಕಂಪನಿಯದನ್ನೇ ಬಳಸುತ್ತಿದ್ದರು. ರಿಬ್ಬನ್ ಬಿಚ್ಚದ ಆ ಟ್ಯೂಬುಗಳನ್ನು ಅವನು ಒಂದೊಂದಾಗಿ ಎಣಿಸಿ ನೋಡಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಕೆಸ್ಲರ್ ಪತ್ರವನ್ನು ಎರಡು ಸಲ ಓದಿ, “ಶುಕ್ರವಾರದೊಳಗೆ ಅಂತ ಹೇಳಿದ್ದೆ,” ಎಂದರು, ಯಾವ ಶುಕ್ರವಾರವೆಂದು ಅವರಿಗೂ ಮರೆತಿತ್ತು.

ಡ್ವೇನ್ ಬಿಲ್ಲೆ ಹಿಡಿದುಕೊಂಡು ಓಡಿಬಂದರು. “ಹಾಗಾದ್ರೆ ಇದು ಶುದ್ಧವಾಗಿತ್ತಾ?”

“ಅದು ಹೇಳಕ್ಕಾಗಲ್ಲ,” ಎಂದ ಲೈಲ್, ಆ ಸ್ಥಿತಿಯಲ್ಲೂ ನಿಯಮ ಬಿಡದೆ. “ಅದರ ಸರಿಯಾದ ಪರೀಕ್ಷೆ ಇನ್ನೂ ಆಗಿಲ್ವಲ್ಲ.”

ಮೊದಲು ಕದಡಿದ್ದ ಬಾಟಲಿಯ ಮುಚ್ಚಳ ಸೀಳಿತ್ತು, ಕೊಳೆ ಒಳಗೆ ಹೋದದ್ದು ಅಲ್ಲಿಂದ. ಅದನ್ನು ನಾನು ಬರಿಗಣ್ಣಲ್ಲೇ ನೋಡಿದೆ. ಮಾರ್ಲಿಸ್ ಮಾತ್ರ ನ್ಯಾಯವನ್ನು ತಾನೇ ಇತ್ಯರ್ಥ ಮಾಡಿದಳು. ಮುಂದಿನ ಬುಧವಾರ ನೆಲಮಾಳಿಗೆಯ ನಡುವೆ ತಮ್ಮನನ್ನು ಕೂರಿಸಿ, ಮೂರು ತಟ್ಟೆ ಹಾಟ್‌ಡಿಶ್ ಬಡಿಸಿ, ಪ್ರತಿ ತಟ್ಟೆಯಾದ ಮೇಲೂ “ಹೇಳು” ಎನ್ನುತ್ತಿದ್ದಳು. ಅವನು ಎದ್ದು ನಿಂತು “ಶುದ್ಧವಾಗಿದೆ” ಎಂದು ಎಲ್ಲರಿಗೂ ಕೇಳುವಂತೆ ಹೇಳಬೇಕು. ಮೂರನೇ ಸಲ ಪಾದ್ರಿಗಳು ಚಪ್ಪಾಳೆ ತಟ್ಟಿದರು.

ಐಲಾಳ ಬಳಿಗೆ ಮಾತ್ರ ಅವನು ಹೋಗಲಿಲ್ಲ.

“ಬರಿಗೈಲಿ ಹೇಗೆ ಹೋಗ್ಲಿ, ಜೂಡಿ? ಕೋಣೆ ವಾಪಸ್ಸು ಕೊಡ್ಸಿ, ಕಾಗದ ಕೈಲಿಟ್ಕೊಂಡು ಹೋಗ್ತೀನಿ.”

ಅದು ಒಳ್ಳೆಯದೆಂದು ನಾನೂ ಹೇಳಿದೆ. ನನಗೂ ಬರಿಗೈಯಲ್ಲಿ ಹೋಗುವ ಧೈರ್ಯವಿರಲಿಲ್ಲ. ಕೆಸ್ಲರ್ ಪತ್ರದ ಮೇಲೆ ಪತ್ರ ಬರೆದರು, ಅದನ್ನು ಒಪ್ಪಿಕೊಳ್ಳಬೇಕು. ಆ ಹುದ್ದೆ ರದ್ದಾಗಿದೆ ಎಂದಿತು ಕಚೇರಿ. ರದ್ದಾದದ್ದನ್ನು ತುಂಬುವಂತಿಲ್ಲ, ಹೊಸದಾಗಿ ಹುಟ್ಟಿಸಬೇಕು, ಹುಟ್ಟಿಸಲು ಸಮಿತಿ ಬೇಕು. ಐದು ವಾರ ಹಿಡಿಯಿತು. ಸರೋವರದ ಮೇಲಿನ ಮಂಜುಗಡ್ಡೆ ಒಡೆದು ಹಡಗುಗಳು ಬರತೊಡಗಿದ್ದವು. ಕೊನೆಗೆ ಕಾಗದ ಬಂತು: ಕೋಣೆ 214, ಅದೇ ಕೆಲಸ, ಅದೇ ಹೆಸರು. ಲೈಲ್ ಅದನ್ನು ಪ್ಲಾಸ್ಟಿಕ್ ಹೊದಿಕೆಯಲ್ಲಿಟ್ಟುಕೊಂಡ. ನಾವಿಬ್ಬರೂ ಮಧ್ಯಾಹ್ನ ಹಾಸ್ಟೆಲಿಗೆ ಹೋದೆವು.

ಐಲಾ ಬಿಳಿ ಟೋಪಿ ಹಾಕಿ ದೊಡ್ಡ ಹಂಡೆಗಳ ಹಿಂದೆ ನಿಂತಿದ್ದಳು. ಅವಳನ್ನು ಮಾತಾಡಿಸಬೇಕಾದರೆ ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲಬೇಕಿತ್ತು. ನಿಂತೆವು.

“ಸೂಪಾ, ಪಾಸ್ತಾನಾ?” ಅವಳು ತಲೆ ಎತ್ತಿದಳು. ಮುಖ ಬದಲಾಗಲಿಲ್ಲ.

“ಐಲಾ, ನಾನು…”

“ಹಿಂದೆ ನಲವತ್ತು ಮಕ್ಕಳು ಹಸ್ಕೊಂಡು ನಿಂತಿದಾರೆ, ಲೈಲ್. ಸೂಪಾ, ಪಾಸ್ತಾನಾ?”

“ಸೂಪು. ತಪ್ಪು ನನ್ನ ಕಿಣ್ವದ್ದು, ಐಲಾ.”

“ಓದ್ದೆ. ಇಡೀ ಕಟ್ಟಡಕ್ಕೆ ಬರ್ದ್ಯಲ್ಲ, ಯಾರೋ ತಂದು ತೋರ್ಸಿದ್ರು.” ಸೌಟು ಹಂಡೆಯೊಳಗೆ ಇಳಿಯಿತು. “ಎಲ್ರಿಗೂ ಬರ್ದೆ. ನಂಗೊಂದು ಬರೀಲಿಲ್ಲ.”

“ಕಾಗದ ಬರ್ಲಿ ಅಂತ ಕಾಯ್ತಿದ್ದೆ.”

“ಹತ್ತೊಂಬತ್ತು ವರ್ಷ ಒಟ್ಟಿಗೆ ತಿಂದ್ವಿ. ಐಲಾ, ಸರಿಯಾಗಿ ತೊಳೀತಿದೀಯಾ ಅಂತ ಒಂದು ಸಲ ಕೇಳ್ಬಹುದಿತ್ತು ನೀನು.”

ಲೈಲ್ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದಿದ್ದ. “ಕೇಳಿದ್ರೆ ಪರೀಕ್ಷೆ ಒಂದು ಕಡೆ ವಾಲುತ್ತೆ ಅಂತ…”

“ಸರ್, ನಂಗೆ ಕ್ಲಾಸಿದೆ,” ಎಂದ ಹಿಂದಿನ ಹುಡುಗ.

ನಾನು ಮುಂದೆ ಬಂದೆ. ಇಷ್ಟು ವಾರ ಜೋಡಿಸಿಕೊಂಡ ವಾಕ್ಯ ಬಾಯಿಗೆ ಬಂತು, ಆದರೆ ಜೋಡಿಸಿದ ಹಾಗೆ ಬರಲಿಲ್ಲ. “ಐಲಾ, ಅವತ್ತು ನೀನು ಹೇಳಿದ್ದೇ ಸರಿ ಇತ್ತು. ನಾನು ಅದನ್ನ ಟಿಪ್ಪಣಿಲಿ ಬರ್ಕೊಳ್ಳಲಿಲ್ಲ.”

“ಗೊತ್ತು. ನಂಗೂ ಒಂದು ಪ್ರತಿ ಕಳ್ಸಿದ್ರು.” ಅವಳು ನನ್ನ ಬಟ್ಟಲಿಗೂ ಸೂಪು ಬಡಿಸಿದಳು, ಲೈಲ್‌ಗೆ ಬಡಿಸಿದಷ್ಟೇ. “ಮೂರು ಸಲ ಓದ್ದೆ. ನಾನು ಹೇಳೇ ಇಲ್ವೇನೋ ಅಂದ್ಕೊಂಡೆ.”

ಲೈಲ್ ಕಾಗದ ಚಾಚಿದ. ಅವಳು ಕೈ ಒರೆಸಿಕೊಂಡು, ಹೊದಿಕೆಯಿಂದ ತೆಗೆದು, ಮೇಲಿಂದ ಕೆಳಗಿನವರೆಗೆ ನಿಧಾನವಾಗಿ ಓದಿದಳು. ಸಾಲು ಕಾಯಿತು. ನಾವೂ ಕಾದೆವು.

“ಒಳ್ಳೇ ಕಾಗದ,” ಎಂದಳು. ಮಡಿಚಿ ಮತ್ತೆ ಹೊದಿಕೆಗೆ ಹಾಕಿ ವಾಪಸ್ಸು ಕೊಟ್ಟಳು. “ಬೇರೆಯವರಿಗೆ ಕೊಡಿ ಆ ಕೋಣೆ. ಕಿಟಕಿ ಹತ್ರ ಬೆಳಕು ಚೆನ್ನಾಗಿ ಬರುತ್ತೆ ಅಂತ ಹೇಳಿ.”

“ಯಾಕೆ, ಐಲಾ? ನಿನ್ನ ಕೋಣೆ ಅದು!”

“ಇಲ್ಲೇ ಸರಿಯಾಗಿದೆ. ಇಲ್ಲಿ ತಟ್ಟೆ ಕೊಳಕಾಗಿದ್ರೆ ತಿಂದವನು ಕೊಳಕು ಮಾಡ್ದ ಅಂತ ಎಲ್ರಿಗೂ ಗೊತ್ತು. ಯಾರೂ ನಕ್ಷೆ ಬರೆಯಲ್ಲ.” ಅವಳು ನಮ್ಮ ಹಿಂದೆ ನೋಡಿದಳು. “ಬಾ ಮಗು. ಸೂಪಾ, ಪಾಸ್ತಾನಾ?”

ನಾವು ಬಟ್ಟಲು ಹಿಡಿದು ಹುಡುಗರ ನಡುವೆ ಜಾಗ ಹುಡುಕಿಕೊಂಡು ಕೂತೆವು. ಲೈಲ್ ಎದುರಿನ ಕುರ್ಚಿಯಲ್ಲಿ ಯಾರೂ ಕೂರದಂತೆ ತನ್ನ ಕೋಟು ಇಟ್ಟ. ಅವಳ ಊಟದ ಹೊತ್ತು ಯಾವಾಗೆಂದು ಅವನಿಗೆ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಎರಡು ಗಂಟೆಗೆ ಕುರ್ಚಿಗಳನ್ನು ಮೇಜಿನ ಮೇಲೆ ಎತ್ತಿಡುವವರು ಬಂದು “ಇದು ಯಾರ್ದು?” ಎಂದು ಕೇಳುವವರೆಗೂ ಕೋಟು ಅಲ್ಲೇ ಇತ್ತು.